ಟರ್ಬೊ ಕಾರಿಗೆ ಟ್ರ್ಯಾಕ್ಟರ್ ಆಯಿಲ್

ಜಂಗಮಕೋಟೆ ಹತ್ತಿರದ ನಮ್ಮ ಊರಿನಿಂದ ಗೌರಿಬಿದನೂರಿನ ನನ್ನ ಶಾಲೆಗೆ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಒಂದೂವರೆ ಗಂಟೆಯ ದಾರಿ. ಮುಖ್ಯೋಪಾಧ್ಯಾಯಿನಿಯಾಗಿ ಅಲ್ಲಿಗೆ ಬಡ್ತಿ ಸಿಕ್ಕಾಗ ಮನೆಯವರೆಲ್ಲ ಅಷ್ಟು ದೂರವಾ ಎಂದು ಮರುಗಿದರು. ನಾನು ಒಳಗೊಳಗೇ ಹಿಗ್ಗಿದೆ. ಹನ್ನೊಂದು ಜನರ ಮನೆ ನಮ್ಮದು. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಸಿದು ಸೊಪ್ಪಿಗೆ ಬಿದ್ದರೆ ಸ್ನಾನಕ್ಕೆ ಹೋದವಳನ್ನೂ ಬಾಗಿಲು ಬಡಿದು ಕರೆಯುತ್ತಾರೆ. ಶಾಲೆಗೆ ಹೋದರೆ ಅಲ್ಲಿ ಮುನ್ನೂರು ಮಕ್ಕಳು. ಇಡೀ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹೊತ್ತೆಂದರೆ ಕಾರಿನೊಳಗಿನ ಆ ಒಂದೂವರೆ ಗಂಟೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಅದಕ್ಕಾಗಿಯೇ ನಲವತ್ತೇಳನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ ಎಂದರೆ ನನ್ನ ಗಂಡನಿಗೆ ಬೇಸರವಾದೀತು, ಆದರೆ ನಿಜ ಅದೇ.

ಚಿಂತಾಮಣಿಯ ತರಕಾರಿ ಮಂಡಿಯವರೊಬ್ಬರಿಂದ ಕೊಂಡ ಸೆಕೆಂಡ್‌ಹ್ಯಾಂಡ್ ಕಾರು ಅದು. ಮೂರೇ ಸಿಲಿಂಡರಿನ ಸಣ್ಣ ಪೆಟ್ರೋಲ್ ಎಂಜಿನ್, ಅದಕ್ಕೊಂದು ಟರ್ಬೊ. ಮಾರುವಾಗ ಅವರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಒಂದೇ ಬುದ್ಧಿ ಹೇಳಿದ್ದರು: ಆಯಿಲ್ ಒಂದನ್ನು ಸರಿಯಾಗಿ ನೋಡಿಕೊಂಡರೆ ಈ ಎಂಜಿನ್ ಎಂದೂ ಕೈಕೊಡುವುದಿಲ್ಲ. ಕಾರಿನ ಜೊತೆ ಬಂದ ಪುಸ್ತಕವನ್ನು ನಾನು ಎರಡು ಸಲ ಓದಿದೆ, ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ. ಹೊಗೆ ಹೊರಬರುವ ರಭಸಕ್ಕೆ ತಿರುಗುವ ಪುಟ್ಟ ಚಕ್ರ ಈ ಟರ್ಬೊ, ಎಂಜಿನಿಗೆ ಗಾಳಿ ಒತ್ತಿ ತುಂಬುತ್ತದೆ. ಆ ವೇಗಕ್ಕೂ ಕಾವಿಗೂ ಅದನ್ನು ಕಾಪಾಡುವುದು ತೆಳ್ಳಗಿನ ಆಯಿಲಿನ ಒಂದು ಪದರ ಮಾತ್ರ. ದೂರದಿಂದ ಬಂದ ತಕ್ಷಣ ಎಂಜಿನ್ ಆರಿಸಬಾರದು, ಒಂದು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಮನೆಯ ಮುಂದೆ ಕಾರು ನಿಲ್ಲಿಸಿ ನಾನು ಮೂರು ನಿಮಿಷ ಕೂರುತ್ತಿದ್ದೆ. ಟರ್ಬೊಗೆ ಬೇಕಿದ್ದುದು ಒಂದೇ, ಉಳಿದೆರಡು ನನಗೆ.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಆಯುಧ ಪೂಜೆಯ ದಿನ ಯಾವ ಯಂತ್ರದ ಹೊಟ್ಟೆಯೂ ಹಸಿದಿರಬಾರದು. ಟ್ರ್ಯಾಕ್ಟರ್, ಟಿಲ್ಲರ್, ಔಷಧಿ ಹೊಡೆಯುವ ಎಂಜಿನ್, ಎಲ್ಲಕ್ಕೂ ಮಾವ ತಮ್ಮ ಕೈಯಾರೆ ಕಂಠಮಟ್ಟ ಆಯಿಲ್ ಹಾಕಿ ಆಮೇಲೆ ಕುಂಕುಮ ಇಡುತ್ತಾರೆ. ಒಂದೇ ಟ್ರ್ಯಾಕ್ಟರನ್ನು ಮೂವತ್ತು ವರ್ಷ ಓಡಿಸಿದವರು, ಅವರಿಗೆ ಆಯಿಲಿನ ಬಗ್ಗೆ ಹೇಳುವವರು ಸುತ್ತಮುತ್ತಲಲ್ಲಿ ಯಾರೂ ಇರಲಿಲ್ಲ. ಹೋದ ವರ್ಷ ಹಬ್ಬದ ದಿನ ಅಡುಗೆಮನೆ ಕಿಟಕಿಯಿಂದ ನೋಡುತ್ತೇನೆ, ಮಾವ ನನ್ನ ಕಾರಿನ ಬಾನೆಟ್ ಎತ್ತಿ ಡ್ರಮ್ಮಿನ ದಪ್ಪ ಆಯಿಲನ್ನು ಸುರಿಯುತ್ತಿದ್ದಾರೆ. ಸುತ್ತ ಹಬ್ಬಕ್ಕೆ ಬಂದ ಹೊರ ಊರಿನ ನೆಂಟರಷ್ಟೇ, ಮನೆಯವರೆಲ್ಲ ಒಳಗೆ ಪೂಜೆಯ ಸಿದ್ಧತೆಯಲ್ಲಿದ್ದರು. ಕಾರಿನ ಆಯಿಲ್ ನೀರಿನ ಹಾಗಿದೆ, ಕಂಪನಿಯವರು ಮೋಸ ಮಾಡಿದ್ದಾರೆ, ಸೊಸೆ ದೂರ ಓಡಾಡುವವಳು ಎಂದು ಅವರಿಗೆ ವಿವರಿಸುತ್ತಿದ್ದರು. ಅಷ್ಟು ಜನರ ಮುಂದೆ ಅವರ ಕೈ ಹಿಡಿಯಲೇ? ಬಾಯಲ್ಲಿ ಬಿಸಿ ತುಪ್ಪ. ಒಬ್ಬಟ್ಟು ಬೇಯಿಸುತ್ತ ನಿಂತೆ.

ಗೌರಿಬಿದನೂರಿನಲ್ಲಿ ಯಾರಿಗೂ ತಿಳಿಯದಂತೆ ಆಯಿಲ್ ಬದಲಾಯಿಸಿದರಾಯಿತು ಎಂದುಕೊಂಡೆ. ನಾಳೆ, ಸೋಮವಾರ, ಪರೀಕ್ಷೆ ಮುಗಿಯಲಿ ಎನ್ನುತ್ತ ಐದು ವಾರ ಕಳೆಯಿತು. ಮೊದಲು ಏರಿನಲ್ಲಿ ಕಾರು ಏದುಸಿರು ಬಿಟ್ಟಿತು. ಆಮೇಲೆ ಶಿಳ್ಳೆಯಂಥ ಸದ್ದು. ಒಂದು ಸಂಜೆ ಮಂಚೇನಹಳ್ಳಿ ದಾಟಿ ಬರುವಾಗ ಹಿಂದೆ ನೀಲಿ ಹೊಗೆ ತುಂಬಿ, ಎದುರಿಗೆ ಕೆಂಪು ದೀಪ ಹತ್ತಿ, ಕಾರು ನಿಂತೇಹೋಯಿತು. ಗಾಜು ಏರಿಸಿಕೊಂಡು ಒಳಗೇ ಕೂತು ಅತ್ತೆ. ಕಾರಿಗಾಗಿ ಅಲ್ಲ, ನನ್ನ ಒಂದೂವರೆ ಗಂಟೆಗಾಗಿ.

ಮರುದಿನ ಚಿಕ್ಕಬಳ್ಳಾಪುರದ ಗ್ಯಾರೇಜಿನಲ್ಲಿ ನಾನು, ನನ್ನ ಗಂಡ, ಮಾವ ಮೂವರೂ ನಿಂತಿದ್ದೆವು. ಮೆಕ್ಯಾನಿಕ್ ಆಯಿಲನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ತಲೆ ಎತ್ತಿದ.

"ಇದು ಟ್ರ್ಯಾಕ್ಟರ್ ಆಯಿಲ್. ಅದೂ ಅಳತೆ ಮೀರಿ ತುಂಬವ್ರೆ. ಟರ್ಬೊ ಸೀಲ್ ಹೋಗದೆ ಏನಾಗ್ತದೆ? ಯಾರು ಹಾಕಿದ್ದು?"

ಮಾವ ತಮ್ಮ ಚಪ್ಪಲಿ ನೋಡಿಕೊಂಡರು. ಎಪ್ಪತ್ನಾಲ್ಕು ವರ್ಷದ ಮನುಷ್ಯ, ಊರಿನ ಅರ್ಧ ಟ್ರ್ಯಾಕ್ಟರುಗಳಿಗೆ ವೈದ್ಯ. ನಾನೇ ಹಾಕಿದ್ದು ಎಂದೆ. ಯಾಕೆ ಹಾಗೆಂದೆನೋ, ಅವರ ಮರ್ಯಾದೆ ಉಳಿಸಲೋ ಅಥವಾ ಐದು ವಾರ ಬಾಯಿ ಮುಚ್ಚಿಕೊಂಡಿದ್ದ ತಪ್ಪಿಗೋ. ಅಲ್ಲವಮ್ಮ ಎಂದು ಅವರು ಹೇಳಿಯಾರು ಎಂದು ಕಾದೆ. ಹೇಳಲಿಲ್ಲ. ಆ ಸಿಟ್ಟು ಇವತ್ತಿಗೂ ಪೂರ್ತಿ ತಣ್ಣಗಾಗಿಲ್ಲ.

ಹೊಸ ಟರ್ಬೊ ಬಂತು, ಎಂಜಿನ್ ತೊಳೆದರು, ಕಾರು ಉಳಿಯಿತು. ಆದರೆ ಮನೆಯಲ್ಲಿ ತೀರ್ಪಾಯಿತು. ಇವಳಿಗೆ ಎಂಜಿನಿನ ಗಂಧಗಾಳಿ ಇಲ್ಲ, ಒಬ್ಬಳನ್ನೇ ಕಳಿಸುವುದು ಬೇಡ, ಯಂತ್ರ ಬಲ್ಲವರು ಜೊತೆಗಿರಲಿ. ಯಂತ್ರ ಬಲ್ಲವರೆಂದರೆ ಮಾವ. ಗೌರಿಬಿದನೂರಿನ ಗೊಬ್ಬರದಂಗಡಿಯಲ್ಲಿ ಅವರ ಹಳೆಯ ಸ್ನೇಹಿತರಿದ್ದಾರೆ, ಹಗಲೆಲ್ಲ ಅಲ್ಲಿ ಕೂತಿದ್ದು ಸಂಜೆ ನನ್ನ ಜೊತೆ ಬಂದರಾಯಿತು ಎಂದರು.

ಅಂದಿನಿಂದ ನನ್ನ ಪಕ್ಕದ ಸೀಟಿನಲ್ಲಿ ಮಾವ. ಕ್ಲಚ್ ಮೇಲಿಂದ ಕಾಲು ತೆಗಿ, ಗೇರ್ ಇಳಿಸು, ಆ ದ್ರಾಕ್ಷಿ ತೋಟ ಮೊದಲು ಇಂಥವರದು, ಈ ಬಾವಿಗೆ ಇಂಥವರು ಬಿದ್ದರು. ಬಾಯಿಗೆ ಬಿಡುವೇ ಇಲ್ಲ. ಮನೆ ಸಾಲದೆಂದು ಕಾರಿಗೂ ಮನೆಯೇ ಬಂದು ಕೂತಿತ್ತು.

ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಚಿಕ್ಕಬಳ್ಳಾಪುರ ದಾಟಿದ ಮೇಲೆ ಅವರು ಹೊರಗೆ ನೋಡುತ್ತಲೇ ಹೇಳಿದರು.

"ಆಯಿಲ್ ಹಾಕಿದ್ದು ನಾನು ಕಣಮ್ಮ."

"ಗೊತ್ತು ಮಾವ. ನೋಡಿದ್ದೆ."

"ಮನೇಲಿ ಹೇಳ್ಬಿಡಣ ಅಂತ ದಿನಾ ಅಂದ್ಕೊತೀನಿ. ಹೇಳಿದ್ರೆ ನಾಳೆಯಿಂದ ನನ್ನನ್ನ ಈ ಕಾರು ಹತ್ತಿಸಲ್ಲ. ಇಡೀ ದಿನ ಆ ಮನೇಲಿ ಕೂತ್ಕೊಳಕ್ಕೆ ನನ್ನ ಕೈಲಾಗಲ್ಲಮ್ಮ."

ಹೇಳಿಬಿಡಿ ಮಾವ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಒಂದೂವರೆ ಗಂಟೆ ನನ್ನ ಕೈಗೆ ವಾಪಸ್ಸು ಬರುತ್ತಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಆ ಮನೆಯಲ್ಲಿ ಕೂರಲಾಗದವರ ಸಂಕಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಹೇಳೋದೇನೂ ಬೇಡ ಬಿಡಿ," ಎಂದೆ.

ಗೊಬ್ಬರದಂಗಡಿಯ ಮುಂದೆ ಇಳಿಯುವಾಗ ಅವರು, ನಾಳೆ ಮನೆಯಿಂದ ಹತ್ತು ನಿಮಿಷ ಬೇಗ ಹೊರಡೋಣವೇ ಎಂದು ಕೇಳಿದರು. ನಾನು ಹೂಂ ಎಂದೆ.