ಸಾಹೇಬರ ಮಗಳ ನಾಣ್ಯ

ಅಡುಗೆಮನೆಯಿಂದ ಅಂಟುವಾಳದ ವಾಸನೆ ಬರುತ್ತಿದೆ. ನಾಳೆ ವರಮಹಾಲಕ್ಷ್ಮಿ ಹಬ್ಬ; ಒಡವೆ ತೊಳೆಯಲು ಅಮ್ಮ ಕಾಯಿ ನೆನೆಹಾಕಿದ್ದಾಳೆ. ನಿಮಗೆ ಇದು ಹಬ್ಬದ ವಾಸನೆ ಇರಬಹುದು. ನನಗಲ್ಲ.

ಐದು ವರ್ಷದ ಹಿಂದೆ ನನಗೆ ಚಿನ್ನದ ಪ್ರೂಫ್ ನಾಣ್ಯಗಳ ಹುಚ್ಚು ಹಿಡಿದಿತ್ತು. ಸಂಗ್ರಹಿಸುವವರಿಗೆಂದೇ ಟಂಕಸಾಲೆಯಲ್ಲಿ ಕನ್ನಡಿಯ ಹೊಳಪು ಕೊಟ್ಟು ಅಚ್ಚೊತ್ತುವ ಸ್ಮಾರಕ ನಾಣ್ಯಗಳವು. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಒರೆಸುವ ಮಾತಂತೂ ಇಲ್ಲವೇ ಇಲ್ಲ; ಒಂದು ಗೀರು ಬಿದ್ದರೂ ಬೆಲೆ ಹೋಯಿತು. ನನ್ನ ಸಂಗ್ರಹದಲ್ಲಿ ಇದ್ದದ್ದು ಒಂದು ಭೂತಗನ್ನಡಿ ಮತ್ತು ಬೇಕಾದಷ್ಟು ಮಾತು. ನಾಣ್ಯವಿದ್ದದ್ದು ಶಿವಾಜಿನಗರದ ಬಟ್ಟೆ ವ್ಯಾಪಾರಿ ಬಶೀರ್ ಸಾಹೇಬರ ಬಳಿ. ಮಗಳು ಹುಟ್ಟಿದ ವರ್ಷ ಅವರ ಅಣ್ಣ ಹೊರದೇಶದಿಂದ ತಂದದ್ದು. ಅವಳ ಮದುವೆಗೆ ಕೊಡಲೆಂದು ಇಟ್ಟಿದ್ದರು. ಅಮ್ಮನಿಗೆ ತೋರಿಸಿ ತರುತ್ತೇನೆಂದು ಕಾಡಿ ಬೇಡಿ, ಅದರ ಪಾರದರ್ಶಕ ಡಬ್ಬಿಯ ಸಮೇತ ಒಂದು ದಿನದ ಮಟ್ಟಿಗೆ ತಂದೆ.

"ಡಬ್ಬಿ ಮಾತ್ರ ತೆಗೀಬೇಡಿ ಸಾರ್," ಎಂದಿದ್ದರು.

ತೆಗೆದೆ. ಕೈಯಲ್ಲಿ ಹಿಡಿಯದೆ ಚಿನ್ನ ನೋಡಿದರೆ ಏನು ಸುಖ, ನೀವೇ ಹೇಳಿ. ಹೆಬ್ಬೆಟ್ಟಿನ ಗುರುತು ಬಿತ್ತು. ಗಾಬರಿಯಲ್ಲಿ, ಅಮ್ಮ ಬಳೆ ತೊಳೆಯುವ ಹಾಗೆಯೇ ಅಂಟುವಾಳದ ನೀರಿನಲ್ಲಿ ತೊಳೆದು, ಹಳೆಯ ಪಂಚೆಯಿಂದ ಮೆತ್ತಗೆ ಉಜ್ಜಿದೆ. ಗುರುತು ಹೋಯಿತು. ಆ ಹೊಳಪಿನ ಮೇಲೆಲ್ಲ ಕೂದಲೆಳೆಯಂಥ ಗೀರುಗಳು ಉಳಿದವು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮರುದಿನ ಸಾಹೇಬರು ನಾಣ್ಯವನ್ನು ದೀಪದ ಕೆಳಗೆ ವಾರೆ ಮಾಡಿ ಹಿಡಿದರು. ಯಾರು ತೊಳೆದರು ಎಂದು ಕೇಳಿದರು.

"ಅಮ್ಮ. ಪೂಜೆಗೆ ಇಡೋಣ ಅಂತ. ಅವ್ರಿಗೆ ಗೊತ್ತಾಗ್ಲಿಲ್ಲ."

ಅವರ ಮುಖ ಸಡಿಲವಾಯಿತು. "ತಾಯಿ ದೇವರ ಹತ್ರ ಇಟ್ಟಿದ್ದಲ್ವಾ, ಬಿಡಿ ಸಾರ್," ಎಂದರು. ಅಂದಿನಿಂದ ನಾನು ನಾಣ್ಯದ ಗೊಡವೆಗೆ ಹೋಗಲಿಲ್ಲ.

ಕಳೆದ ತಿಂಗಳು ಆ ಹುಡುಗಿಯ ಮದುವೆ. ಅಮ್ಮನನ್ನು ಕರೆತರಲೇಬೇಕೆಂದು ಸಾಹೇಬರು ಹಟ ಹಿಡಿದರು. ಮಗಳ ಕೈಗೆ ನಾಣ್ಯವಿಟ್ಟು, ಇದನ್ನು ತೊಳೆದು ಪೂಜೆಗಿಟ್ಟ ತಾಯಿ ಇವರೇ ಎಂದು ಎಲ್ಲರೆದುರು ತೋರಿಸಿದರು. ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು.

"ಹೌದಮ್ಮ, ನಾನೇ ತೊಳ್ದಿದ್ದು," ಎಂದು ಹುಡುಗಿಯ ತಲೆ ಸವರಿದಳು.

ಮನೆಗೆ ಬಂದ ಮೇಲೂ ಅದರ ಮಾತೆತ್ತಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇವತ್ತು ತಡೆಯಲಾರದೆ ಅವಳ ಪಕ್ಕದಲ್ಲಿ ಕೂತು, ಅವತ್ತು ನಿನ್ನ ಹೆಸರು ಹೇಳಿಬಿಟ್ಟೆ ಎಂದೆ.

"ಗೊತ್ತು ಕಣೋ. ನಂಗೆ ಹೇಳಿ ಏನು ಪ್ರಯೋಜನ?" ಎಂದಳು, ಬಳೆ ಉಜ್ಜುತ್ತಲೇ.

ನಮ್ಮ ಕುಕ್ ಟೌನಿನಿಂದ ಶಿವಾಜಿನಗರಕ್ಕೆ ಸ್ಕೂಟರಿನಲ್ಲಿ ಹೆಚ್ಚೆಂದರೆ ಕಾಲು ಗಂಟೆ. ಕೀಲಿ ಕೈಯಲ್ಲಿದೆ. ಸಾಹೇಬರ ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರದಿರಲಿ ಎಂದು ಈಗಲೂ ಬೇಡಿಕೊಳ್ಳುತ್ತಿದ್ದೇನೆ.