ಅಕ್ಕ ಕಲಿಸಿದ ಸಣ್ಣ ಗುರಿಗಳು

ಕಳೆದ ವಾರ ಬೆಹಾಲಾ ಮಾರ್ಕೆಟ್ಟಿನ ಔಷಧಿ ಅಂಗಡಿಯಲ್ಲಿ ಬಿಸಿನೀರಿನ ಚೀಲ ಕೇಳಿದೆ. ಹಳೆಯದು ಸೋರುತ್ತಿತ್ತು. ಅಂಗಡಿಯವನು ಹೊಸದರ ಪ್ಲಾಸ್ಟಿಕ್ ಕವರ್ ಹರಿದು ಕೈಗಿಟ್ಟ. ಹೊಸ ರಬ್ಬರಿನ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಎಷ್ಟೋ ವರ್ಷಗಳಿಂದ ಮಾತಿಲ್ಲದ ಒಬ್ಬರು ಎದುರಿಗೆ ಬಂದು ನಿಂತಂತಾಯಿತು...

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಸೆಕ್ಟರ್ ಫೈವಿನ ನಮ್ಮ ಆಫೀಸಿನಲ್ಲಿ ನನಗಿಂತ ಹಿರಿಯರು, ಧಾರವಾಡದ ಕಡೆಯವರು. ಗಂಡನಿಗೆ ಖಿದಿರ್‌ಪುರದ ಬಂದರಿನಲ್ಲಿ ಕೆಲಸ. ನಾನು ಮೈಸೂರಿನಿಂದ ಈ ಬಂಗಾಳಿ ಊರಿಗೆ ಆಗಷ್ಟೇ ಬಂದವಳು. ಒಂದು ಬೆಳಿಗ್ಗೆ ಆಫೀಸಿನ ಶೌಚಾಲಯದಲ್ಲಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಸಿದಿದ್ದೆ. ನೋವಿಗೆ "ಅಯ್ಯೋ, ಸಾಕಪ್ಪಾ ದೇವರೇ" ಅಂದಿರಬೇಕು. ಹೊರಗಿನಿಂದ ಯಾರೋ ಬಾಗಿಲು ಬಡಿದರು.

"ಯಾರವಾ ಒಳಗ? ಕನ್ನಡದಾಕಿ ಏನು? ಬಾಗಲಾ ತಗಿ."

ಅದು ಅಕ್ಕ. ತಮ್ಮ ಡ್ರಾಯರಿನಲ್ಲಿದ್ದ ಬಿಸಿನೀರಿನ ಚೀಲವನ್ನು ತುಂಬಿಸಿ, ದುಪಟ್ಟಾದಲ್ಲಿ ಸುತ್ತಿ ತಂದು ನನ್ನ ಕಿಬ್ಬೊಟ್ಟೆಗೆ ಒತ್ತಿದರು. ಡಾಕ್ಟರು ನನಗೆ ಎಂಡೊಮೆಟ್ರಿಯೋಸಿಸ್ ಎಂದು ಹೇಳಿ ಆಗ ಕೆಲವೇ ವಾರಗಳಾಗಿದ್ದವು. ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಎಲ್ಲೆಲ್ಲೋ ಬೆಳೆದು, ತಿಂಗಳು ತಿಂಗಳು ಕೆರಳಿ ನೋಯಿಸುವ ಕಾಯಿಲೆ. ಪೂರ್ತಿ ವಾಸಿಯಾಗುವ ಭರವಸೆಯಿಲ್ಲ, ಅದರೊಂದಿಗೆ ಬದುಕುವುದನ್ನು ಕಲಿಯಬೇಕು ಎಂದಿದ್ದರು. ಅಳುತ್ತಾ ಅದನ್ನೆಲ್ಲ ಹೇಳಿದಾಗ ಅಕ್ಕ ಸುಮ್ಮನೆ ನನ್ನ ತಲೆ ಸವರಿದರು. "ನನಗೂ ಇದ ಅದ. ಭಾಳ ವರ್ಷಾತು. ಆಫೀಸಿನ್ಯಾಗ ನಿನ್ನ ಬಿಟ್ಟರ ಯಾರಿಗೂ ಗೊತ್ತಿಲ್ಲ," ಅಂದರು.

ಆ ದಿನಗಳಲ್ಲಿ ನಾನು ನನ್ನ ದೇಹದ ಮೇಲೆ ಯುದ್ಧ ಸಾರಿದ್ದೆ. ದಿನಾ ಬೆಳಿಗ್ಗೆ ಓಟ, ಒಂದು ಗಂಟೆ ಯೋಗ, ಸಕ್ಕರೆ ಬಂದ್, ಮೈದಾ ಬಂದ್. ನೋವು ಬಂದ ದಿನ ಎಲ್ಲವೂ ಕುಸಿಯುತ್ತಿತ್ತು, ಆಮೇಲೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಅಕ್ಕ ಕೇಳಿ ನಕ್ಕುಬಿಟ್ಟರು. "ನೀ ಏನ್ ಮಿಲಿಟರಿ ಸೇರಾಕಿ ಏನು?"

ಭಾನುವಾರ ಸಂಜೆ ನಮ್ಮ ಬೆಹಾಲಾದಲ್ಲೇ ಇದ್ದ ಅವರ ಮನೆಗೆ ಹೋಗುವುದು ರೂಢಿಯಾಯಿತು. ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಆ ವಾರಕ್ಕೆ ಒಂದೇ ಒಂದು ಗುರಿ ಇಟ್ಟುಕೊಳ್ಳುತ್ತಿದ್ದೆವು. ಒಂದು ವಾರ, ಮಧ್ಯಾಹ್ನದ ಊಟ ತಪ್ಪಿಸದಿರುವುದು. ಇನ್ನೊಂದು ವಾರ, ಮೈ ಒಪ್ಪಿದ ದಿನ ಮಾತ್ರ ಮಿಠಾಯಿ ಅಂಗಡಿಯವರೆಗೆ ನಡೆದು ಬರುವುದು. ನೋವಿನ ದಿನ ಸ್ನಾನ ಮಾಡಿ ಬೇರೆ ಬಟ್ಟೆ ಉಟ್ಟರೆ ಅದೇ ದೊಡ್ಡದು. "ಆಗಲಿಲ್ಲಂದ್ರ ಬೈಕೋಬ್ಯಾಡ. ಮುಂದಿನ ವಾರ ಇನ್ನೂ ಸಣ್ಣದು ಇಟಗೋ," ಎನ್ನುತ್ತಿದ್ದರು. ದುರ್ಗಾಪೂಜೆಯ ಸಮಯದಲ್ಲಿ ಊರಿಗೆ ಊರೇ ಪೆಂಡಾಲಿನಿಂದ ಪೆಂಡಾಲಿಗೆ ಅಲೆಯುತ್ತಿದ್ದರೆ ನಾವಿಬ್ಬರೂ ನಮ್ಮ ಪಾಡಾದ, ಅಂದರೆ ನಮ್ಮ ಕೇರಿಯ, ಪೆಂಡಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು, ದುರ್ಗೆಯನ್ನು ಕಣ್ತುಂಬ ನೋಡಿ ಮನೆಗೆ ಬಂದೆವು. ಮೈ ನನ್ನ ಶತ್ರುವಲ್ಲ ಅನ್ನಿಸಿದ ಮೊದಲ ವರ್ಷ ಅದು.

ಮರುವರ್ಷ ನಮ್ಮ ತಂಡದಲ್ಲಿ ಲೀಡ್ ಹುದ್ದೆ ಖಾಲಿಯಾಯಿತು. ಅಕ್ಕ ಮತ್ತು ನಾನು, ಇಬ್ಬರ ಹೆಸರೂ ಇತ್ತು. ಅದು ನೇರ ದಾರಿಯಲ್ಲಿ ಅವರಿಗೇ ಸಿಕ್ಕಿದ್ದರೆ ನಾನೇ ಸಂದೇಶ್ ಮಿಠಾಯಿ ಹಂಚುತ್ತಿದ್ದೆನೇನೋ... ಒಂದು ಮಧ್ಯಾಹ್ನ ಮ್ಯಾನೇಜರ್ ಇಬ್ಬರನ್ನೂ ಮೀಟಿಂಗ್ ರೂಮಿಗೆ ಕರೆದರು. ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದಲೇ ಕೇಳಿದರು.

"ನಿಮಗೇನೋ ಆರೋಗ್ಯದ ತೊಂದರೆಯಂತೆ. ಇಡೀ ವಾರಕ್ಕೆ ಒಂದೇ ಒಂದು ಸಣ್ಣ ಗುರಿ ಇಟ್ಟುಕೊಳ್ಳುತ್ತೀರಂತೆ. ಇಷ್ಟು ದೊಡ್ಡ ಕೆಲಸ ಹೇಗೆ ನಿಭಾಯಿಸುತ್ತೀರಿ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆ ಮಾತು ಅವಲಕ್ಕಿಯ ತಟ್ಟೆಯ ಮುಂದೆ ಆಡಿದ್ದು. ಅದನ್ನು ಕೇಳಿದ್ದು ಒಬ್ಬರೇ. ಮ್ಯಾನೇಜರ್ ಅಕ್ಕನತ್ತ ನೋಡಿ, ನೀವೂ ಹೆಂಗಸೇ, ನಿಮ್ಮ ಕೆಲಸಕ್ಕೆ ಇಂಥದ್ದು ಎಂದಾದರೂ ಅಡ್ಡ ಬಂದಿದೆಯೇ ಎಂದರು.

"ನೋ ಸರ್. ನೆವರ್."

ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಹೇಳಿದರು. ಬೆಳಿಗ್ಗೆಯಷ್ಟೇ ಆಫೀಸಿಗೆ ಬರುವ ಕ್ಯಾಬಿನಲ್ಲಿ ನನ್ನ ಬಾಟಲಿಯ ನೀರು ಕುಡಿದು ನೋವಿನ ಮಾತ್ರೆ ನುಂಗಿದ್ದರು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಅವರು ನನಗೆ ನಂಬಿ ಹೇಳಿದ ವಿಷಯ. ನುಂಗಿಕೊಂಡೆ.

ಸಂಜೆ ಕ್ಯಾಬಿನಲ್ಲಿ ನಾವಿಬ್ಬರೇ. ಡ್ರೈವರಿಗೆ ಕನ್ನಡ ಬಾರದು. "ಯಾಕಕ್ಕಾ?" ಅಂದೆ. ಅವರು ಕಿಟಕಿಯ ಗಾಜು ಏರಿಸಿದರು.

"ನೀ ಇನ್ನೂ ಸಣ್ಣಾಕಿ. ನಿನಗ ಮತ್ತ ಅವಕಾಶ ಬರತಾವ. ನನಗ ಇದ ಕಡೀದು."

"ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ."

ಹುದ್ದೆ ಅವರಿಗೆ ಸಿಕ್ಕಿತು. ಭಾನುವಾರಗಳು ನಿಂತುಹೋದವು.

ಆಮೇಲಿನ ತಿಂಗಳುಗಳಲ್ಲಿ ನಾನು ಹಠಕ್ಕೆ ಬಿದ್ದೆ. ಯಾರಿಗೂ ಕಡಿಮೆಯಿಲ್ಲ ಎಂದು ತೋರಿಸಲು ಹೋಗಿ ಮತ್ತೆ ಓಟ, ಮತ್ತೆ ಉಪವಾಸ, ರಜೆಯೇ ಇಲ್ಲದ ಕೆಲಸ. ಕೊನೆಗೆ ಒಂದು ದಿನ ಆಫೀಸಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ವಾರದ ಗುರಿ, ಹೊತ್ತಿಗೆ ಸರಿಯಾಗಿ ಊಟ. ನೋವು ಕೊಟ್ಟವರೇ ಕಲಿಸಿದ ಪಾಠವನ್ನು ಹಿಡಿದುಕೊಂಡು ಎದ್ದು ನಿಲ್ಲಬೇಕಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಆದರೂ ತಟ್ಟೆ ಮುಂದಿಟ್ಟುಕೊಂಡು ಉಂಡೆ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

ಕೆಲಸ ಬದಲಾಯಿಸಿದೆ. ಹೊಸ ಆಫೀಸಿನಲ್ಲಿ ಮೊದಲ ವಾರವೇ ನನ್ನ ಕಾಯಿಲೆಯ ಹೆಸರನ್ನು ನಾನೇ ಬಾಯಿಬಿಟ್ಟು ಹೇಳಿದೆ, ಇನ್ಯಾರೂ ಅದನ್ನು ನನ್ನ ಬೆನ್ನ ಹಿಂದೆ ಹೇಳದಿರಲಿ ಎಂದು. ಅಕ್ಕನ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತಂತೆ. ಅದಕ್ಕೂ ಮುಂಚೆಯೇ ನೋವು ತಡೆಯಲಾರದೆ ಅವರು ಆ ಹುದ್ದೆ ಬಿಟ್ಟಿದ್ದರೆಂದು, ಆಪರೇಷನ್ ಆಯಿತೆಂದು ಹಳೆಯ ಸಹೋದ್ಯೋಗಿಯೊಬ್ಬಳು ಹೇಳಿದಳು. ಕೇಳಿ ಖುಷಿಯಾಗಲಿಲ್ಲ. ಸಿಟ್ಟೂ ಹೋಗಲಿಲ್ಲ. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಈಗ ನನ್ನ ತಿಂಗಳುಗಳು ಹೇಗೋ ನಡೆಯುತ್ತವೆ. ಒಳ್ಳೆಯ ವಾರಗಳಿವೆ, ಕೆಟ್ಟ ವಾರಗಳಿವೆ. ಆದರೆ ಯಾರಾದರೂ ಅಕ್ಕರೆಯಿಂದ ಪಕ್ಕದಲ್ಲಿ ಕುಳಿತು "ಏನಾಗ್ತಿದೆ ನಿಮಗೆ?" ಎಂದು ಕೇಳಿದರೆ, ಉತ್ತರ ಕೊಡುವ ಮುಂಚೆ ಒಂದು ಕ್ಷಣ ಅವರ ಮುಖವನ್ನೇ ನೋಡುತ್ತೇನೆ. ಮೊದಲು ಹಾಗೆ ನೋಡುತ್ತಿರಲಿಲ್ಲ.