ಕ್ರಾಸಿಂಗ್ ಶಿವಬಸವ್ವನ ಎರಡು ಕೂಸುಗಳು

ಮಾಸೂರಿನಲ್ಲಿ ಬರೀ ಶಿವಬಸವ್ವ ಅಂದರೆ ಯಾವ ಶಿವಬಸವ್ವ ಅಂತ ತಿರುಗಿ ಕೇಳುತ್ತಾರೆ. ಆ ಹೆಸರಿನವರು ಓಣಿಗೆ ಇಬ್ಬರಿದ್ದಾರೆ. ಕ್ರಾಸಿಂಗ್ ಶಿವಬಸವ್ವ ಅನ್ನಿ, ಯಾರಾದರೂ ಮನೆ ಬಾಗಿಲಿಗೇ ತಂದು ನಿಲ್ಲಿಸುತ್ತಾರೆ. ಮದಗದ ಕೆರೆ ನೀರು ಹರಿಯುವ ಹೊಲಗಳಲ್ಲಿ ಕಂಪನಿಯವರು ಹತ್ತಿಬೀಜದ ಪ್ಲಾಟು ಮಾಡಿಸುತ್ತಾರಲ್ಲ, ಅಲ್ಲಿ ಅವಳ ಕೈಗೆ ಸಮನಾದ ಕೈ ಇನ್ನೊಂದಿಲ್ಲ.

ಇಳಿಹೊತ್ತಿಗೆ ಹೆಣ್ಣು ಗಿಡದ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸುಲಿದು, ಪುಡಿ ಉದುರಿಸುವ ಕೇಸರವನ್ನೆಲ್ಲ ತೆಗೆದು, ಮೇಲೊಂದು ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂ ತಂದು ಮುಟ್ಟಿಸಬೇಕು. ಕ್ರಾಸಿಂಗ್ ಅಂದರೆ ಇಷ್ಟೇ ಕೆಲಸ. ಆದರೆ ಗಿಡದ ಸ್ವಂತ ಪುಡಿ ಒಂದು ಚೂರು ಅದಕ್ಕೇ ಬಿತ್ತೋ, ಮುಗಿಯಿತು. ಕಾಯಿ ಕಟ್ಟುತ್ತದೆ, ಬೀಜವೂ ನೋಡಲು ಚಂದವಾಗಿಯೇ ಇರುತ್ತದೆ. ಕಂಪನಿಯವರು ಬಿತ್ತಿ ನೋಡಿ ಇಡೀ ಮಾಲನ್ನು ವಾಪಸು ಹಾಕುತ್ತಾರೆ. ಅದಕ್ಕೇ ಪ್ಲಾಟಿನ ಯಜಮಾನ ಹೊಳಬಸಪ್ಪ ಬದುವಿನ ಮೇಲೆ ನಿಂತು ದಿನಾ ಅದೇ ಹಾಡು ಹಾಡುತ್ತಾನೆ: “ತನ್ನ ಪುಡಿ ತನಗ ಬೀಳಬಾರದ್ರವಾ! ಚಲೋತ್ನಂಗ ಸುಲೀರಿ!”

ಅವಳು ಹುಟ್ಟಿದ್ದು ಅಬಲೂರಿನಲ್ಲಿ. ಕ್ರಾಸಿಂಗಿಗೆ ಸಣ್ಣ ಬೆರಳು ಬೇಕು ಅಂತ ಹನ್ನೆರಡು ವರ್ಷದವಳನ್ನು ಆರನೇ ಇಯತ್ತೆ ಅರ್ಧಕ್ಕೆ ಬಿಡಿಸಿ ಮಾಸೂರಿಗೆ, ಆಯಿಯ ಮನೆಗೆ ಕಳಿಸಿದರು. ಆಯಿ ಅಂದರೆ ಅವ್ವನ ಅವ್ವ, ಮೈಲವ್ವ. ಹತ್ತೊಂಬತ್ತಕ್ಕೆ ಆಯಿ ತನ್ನ ಕಿರಿಮಗ ಪರಮೇಶಪ್ಪನಿಗೇ ಅವಳನ್ನು ಕಟ್ಟಿದಳು. ಸೋದರಮಾವನೇ ಗಂಡನಾದ, ಆಯಿಯೇ ಅತ್ತೆಯಾದಳು. ಇದರಲ್ಲಿ ಹೊಸದೇನೂ ಇಲ್ಲ ಬಿಡಿ, ನಮ್ಮ ಕಡೆ ಮನೆಗೊಂದು ಇಂಥ ಮದುವೆ ಸಿಗುತ್ತದೆ. ಪರಮೇಶಪ್ಪ ಒಳ್ಳೆಯವನು, ಕುಡಿಯುವವನಲ್ಲ, ಬೆನ್ನಿಗೆ ಪಂಪು ಕಟ್ಟಿಕೊಂಡು ಪ್ಲಾಟುಗಳಿಗೆ ಎಣ್ಣೆ, ಅಂದರೆ ಹುಳ ಸಾಯಿಸುವ ಔಷಧ, ಹೊಡೆಯುವ ಕೆಲಸ ಅವನದು. ಮದುವೆಯಾದ ಮೇಲೂ ಅವಳು ಅವನನ್ನು ಮಾಮಾ ಅಂತಲೇ ಕರೆಯುತ್ತಾಳೆ.

ಮಗಳು ಪೂಜಾ ಹುಟ್ಟಿದಳು. ಕತ್ತು ನಿಲ್ಲಲು ಹತ್ತು ತಿಂಗಳು, ಎದ್ದು ನಡೆಯಲು ನಾಲ್ಕು ವರ್ಷ ಬೇಕಾಯಿತು. ಏಳು ತುಂಬಿದರೂ ಬಾಯಲ್ಲಿ ಒಂದು ಮಾತಿಲ್ಲ, ಜೊಲ್ಲು ನಿಂತಿಲ್ಲ. ಕಾರಣ ಹುಡುಕಲು ಆಯಿ ತಡಮಾಡಲಿಲ್ಲ. “ಎಂಟು ತಿಂಗಳ ಬಸುರಿ ಆ ಎಣ್ಣಿ ವಾಸನ್ಯಾಗ ನಿಂತ್ರ ಮತ್ತೇನಾಕ್ಕೈತಿ? ಎಣ್ಣೀನ ಕೂಸಿನ ತಲಿಗೇರೇತಿ” ಅಂತ ಓಣಿಗೆಲ್ಲ ಸಾರಿದಳು. ಪಾಪ, ಶಿವಬಸವ್ವ ಅದನ್ನು ನಂಬಿದಳು. ತಪ್ಪು ತನ್ನದು ಅಂತ ಎಷ್ಟು ಅತ್ತಳೋ, ಅಷ್ಟೇ ಸಮಾಧಾನವೂ ಅದರಲ್ಲೇ ಸಿಕ್ಕಿತು. ಮಾಡಿದ ತಪ್ಪನ್ನು ಇನ್ನೊಮ್ಮೆ ಮಾಡದೆ ಇರಬಹುದಲ್ಲ!

ಏಳು ವರ್ಷ ಹೆದರಿಕೊಂಡೇ ಇದ್ದವಳು ಮತ್ತೆ ಬಸುರಾದಳು. ಎರಡು ತಿಂಗಳಾಗಿತ್ತು. ಪೂಜಾಳನ್ನು ಸೊಂಟಕ್ಕೇರಿಸಿ ಆಯಿಯ ಜೊತೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋದಳು. ಅವಳಿಗೆ ಬೇಕಾಗಿದ್ದು ಒಂದೇ ಉತ್ತರ: ಪೂಜಾಗೆ ಹೀಗಾದದ್ದು ಎಣ್ಣೆಯಿಂದಲೋ, ರಕ್ತಸಂಬಂಧದಿಂದಲೋ? ಎಣ್ಣೆಯಾದರೆ ಈ ಕೂಸನ್ನು ಉಳಿಸಿಕೊಳ್ಳಬಹುದು.

ಡಾಕ್ಟರಮ್ಮ ಪೂಜಾಳ ಕೈಕಾಲು ಮಡಚಿ ನೋಡಿ ಕೇಳಿದರು, “ಗಂಡ ಸಂಬಂಧದಾಗ ಏನರ ಆಗ್ಬೇಕೇನಮ್ಮಾ?”

“ನಮ್ಮವ್ವನ ತಮ್ಮ ರೀ.”

“ಈ ಮನ್ಯಾಗ ಹಿಂದ ಇಂಥಾ ಕೂಸು ಹುಟ್ಟಿದ್ವೇನು? ಕತ್ತು ನಿಲ್ಲಲಾರದ್ದು, ಸಣ್ಣದಿದ್ದಾಗ ತೀರಿಕೊಂಡದ್ದು?”

ಶಿವಬಸವ್ವ ಆಯಿಯ ಮುಖ ನೋಡಿದಳು. ಆಯಿ ಸೆರಗು ಸರಿ ಮಾಡಿಕೊಂಡು, “ಇಲ್ರಿ ಡಾಕ್ಟರವ್ವಾ, ನಮ್ಮ ವಂಶದಾಗ ಅಂಥಾದ್ದು ಒಂದೂ ಇಲ್ರಿ” ಅಂದಳು.

“ಇದ್ದಿದ್ರ ಮೊದ್ಲ ಈ ಹುಡುಗೀ ರಕ್ತ ಬೆಂಗಳೂರಿಗೆ ಕಳಿಸಿ ನೋಡೂಣು ಅಂತಿದ್ದೆ. ರಕ್ತಾನೂ ಇರಬಹುದು, ಎಣ್ಣಿನೂ ಇರಬಹುದು, ಖಚಿತ ಹೇಳಾಕ ಆಗೂದಿಲ್ಲ. ನೀ ಅಂತೂ ಎಣ್ಣಿಯಿಂದ ದೂರ ಇರು.”

ಕಡೆಯ ಮಾತನ್ನಷ್ಟೇ ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಊರಿಗೆ ಬಂದವಳೇ ಪ್ಲಾಟು ಬಿಟ್ಟಳು. ಹೊಳಬಸಪ್ಪ ಮನೆಗೇ ಬಂದು, “ನಿನ್ನ ಕೈ ಇಲ್ದ ಪ್ಲಾಟು ಹಾಳಾಗಾಕತ್ತೇತವಾ” ಅಂತ ಗೋಗರೆದ. “ಈ ವರ್ಷ ಬ್ಯಾಡ್ರಿ ಸಾವಕಾರ್ರ” ಅಂದಳು. ಗಂಡನ ಅಂಗಿಯನ್ನು ಅಂಗಳದಲ್ಲೇ ಬಿಚ್ಚಿಸಿದಳು, ಅವನಿಂದಲೇ ಒಗೆಸಿದಳು. ಪರಮೇಶಪ್ಪ ಗೊಣಗಲಿಲ್ಲ, ಸೋಪು ಹಚ್ಚಿಕೊಂಡು ಮೈ ತಿಕ್ಕಿ ಒಳಗೆ ಬರುತ್ತಿದ್ದ. ಎಣ್ಣೆಯ ಕ್ಯಾನಿನಲ್ಲಿ ನೀರು ತುಂಬಿಡುವ ರೂಢಿ ನಿಂತಿತು. ಗಾಳಿ ಹೊಲದ ಕಡೆಯಿಂದ ಬೀಸಿದರೆ ಕಿಟಕಿ ಮುಚ್ಚಿ ಕೂಡುತ್ತಿದ್ದಳು. ಓಣಿಯ ಹೆಂಗಸರು ನಕ್ಕರು. ನಗಲಿ ಬಿಡು, ಅವರೇನು ಪೂಜಾಳ ಜೊಲ್ಲು ಒರೆಸಲು ಬರುತ್ತಾರೆಯೇ ಅಂದುಕೊಂಡಳು.

ಗಂಡು ಹುಟ್ಟಿತು. ಒಳ್ಳೆ ತೂಕ, ಒಳ್ಳೆ ಬಣ್ಣ, ಹುಟ್ಟಿದ ಕೂಡಲೇ ಆಸ್ಪತ್ರೆ ಕಿವಿ ಮುಚ್ಚುವಂತೆ ಅತ್ತಿತು. ಚನ್ನೇಶ ಅಂತ ಹೆಸರಿಟ್ಟರು. ಪರಮೇಶಪ್ಪ ಓಣಿಗೆಲ್ಲ ಫೇಡೆ ಹಂಚಿದ. ಅಯ್ಯೋ, ಆ ಎರಡು ತಿಂಗಳು ಅವಳಷ್ಟು ಸುಖಿ ಮಾಸೂರಿನಲ್ಲಿ ಯಾರೂ ಇರಲಿಲ್ಲ.

ಮೂರನೇ ತಿಂಗಳಿಗೆ ನೋಡಿದಳು, ಕತ್ತು ನಿಲ್ಲಲಿಲ್ಲ. ಗಂಡು ಹುಡುಗರದು ತಡ ಅಂದರು. ನಾಲ್ಕಾಯಿತು. ಐದಕ್ಕೆ, ಹಳೇ ಡಬ್ಬಿಯಲ್ಲಿ ಉಳಿದಿದ್ದ ಕ್ರಾಸಿಂಗಿನ ಕೆಂಪು ಟೊಪ್ಪಿಗೆಯೊಂದನ್ನು ದಾರಕ್ಕೆ ಕಟ್ಟಿ ತೊಟ್ಟಿಲ ಮೇಲೆ ಆಡಿಸಿದಳು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಚನ್ನೇಶನ ಕಣ್ಣು ತೊಲೆಯಲ್ಲೇ ನಟ್ಟಿತ್ತು. ಮೂಲೆಯಲ್ಲಿ ಕೂತಿದ್ದ ಪೂಜಾಳೇ ಕೆಂಪು ಕಾಗದ ನೋಡಿ ಕಿಲಕಿಲ ನಕ್ಕಳು. ಶಿವಬಸವ್ವ ದಾರ ಕೆಳಗಿಟ್ಟಳು.

“ಆಯಿ, ನಾ ಈ ಸಲ ಎಣ್ಣಿ ಮುಟ್ಟಿಲ್ಲ” ಅಂದಳು. “ಒಂದ ದಿನಾನೂ ಮುಟ್ಟಿಲ್ಲ.”

ಆಯಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅಂದಳು, “ನಿಮ್ಮವ್ವ ಆದಮ್ಯಾಲ, ಪರಮ್ಯಾ ಹುಟ್ಟೂದರಕಿಂತ ಮೊದ್ಲ, ನನಗ ಎರಡು ಕೂಸು ಹಿಂಗ ಆಗಿದ್ವವ್ವಾ. ಕತ್ತು ನಿಲ್ಲಲೇ ಇಲ್ಲ. ಒಂದು ಒಂದೂವರಿ ವರ್ಷಕ್ಕ ಹೋತು, ಇನ್ನೊಂದು ಮೂರಕ್ಕ. ಆಗ ಎಣ್ಣಿ ಅನ್ನೂದು ಊರಾಗ ಬಂದಿರಲೇ ಇಲ್ಲ. ನಾನೂ ಮಾವನ ಮಗನ್ನ ಮಾಡ್ಕೊಂಡಿದ್ನಲ್ಲ.”

“ಡಾಕ್ಟರ್ ಕೇಳಿದಾಗ ಯಾಕ ಹೇಳಲಿಲ್ಲ?”

“ಬಾಯಿ ಬರಲಿಲ್ಲ.”

“ನನ್ನ ಕಟ್ಟೂ ಮುಂದರ?”

“ಹೊರಗಿನ ಹೆಣ್ಣು ತರಾಕ ಹೋದ್ರ ಅವರು ವಂಶಾ ಕೇಳ್ತಾರ. ಮುಚ್ಚಿಟ್ಟದ್ದೆಲ್ಲಾ ಹೊರಗ ಬರ್ತೈತಿ. ನಿನ್ನ ತಂದ್ರ ಕೇಳಾಕ ಯಾರಿದ್ರು ಹೇಳು? ನೀ ನಮ್ಮಕೀನ ಅಲಾ.”

ಶಿವಬಸವ್ವ ಕೂಗಾಡಲಿಲ್ಲ. ಯಾರ ಮೇಲೆ ಕೂಗಾಡುತ್ತಾಳೆ? ಬೈಯಬೇಕಾದ ಅತ್ತೆ ಅವಳ ಆಯಿ, ಬಿಡಬೇಕಾದ ಗಂಡ ಅವಳ ಮಾಮ, ಓಡಿಹೋಗಬೇಕಾದ ತವರು ಅದೇ ಆಯಿಯ ಮಗಳ ಮನೆ. ಪರಮೇಶಪ್ಪ ಬಂದು ಅಂಗಳದಲ್ಲಿ ಅಂಗಿ ಬಿಚ್ಚಿ ಒಗೆಯಲು ಕೂತ. ಅವಳು ಹೊರಗೆ ಬಂದು, “ಇನ್ನ ಸುಮ್ನ ಒಳಗ ಬಾ ಮಾಮಾ” ಅಂದಳು. ಯಾಕೆ ಅಂತ ಅವನು ಕೇಳಿದ. ಅವಳು ಅಂಗಿಯನ್ನು ಅವನ ಕೈಯಿಂದ ತೆಗೆದುಕೊಂಡು ಒಳಗೆ ನಡೆದಳು.

ಈ ವರ್ಷ ಹತ್ತಿ ಮೊಗ್ಗಿಗೆ ಬಂದಾಗ ಪ್ಲಾಟಿಗೆ ಹೋದಳು. ಬೇವಿನ ಮರದ ಬುಡದಲ್ಲಿ ಚಾಪೆ ಹಾಸಿ ಚನ್ನೇಶನನ್ನು ಮಲಗಿಸಿದಳು, ಪಕ್ಕದಲ್ಲಿ ಪೂಜಾಳನ್ನು ಕೂರಿಸಿದಳು. ಆಚೆ ಹೊಲದಲ್ಲಿ ಪರಮೇಶಪ್ಪ ಎಣ್ಣೆ ಹೊಡೆಯುತ್ತಿದ್ದ, ವಾಸನೆ ಮರದವರೆಗೂ ಬರುತ್ತಿತ್ತು. ಅವಳು ತಲೆ ಎತ್ತಲಿಲ್ಲ. ಉಗುರು ಊರಿ, ಸುತ್ತ ತಿರುವಿ, ಮೊಗ್ಗಿನ ಹೊಟ್ಟೆಯಲ್ಲಿ ಒಂದು ಚೂರೂ ಉಳಿಯದ ಹಾಗೆ ಕೇಸರ ತೆಗೆದು ಕೆಂಪು ಟೊಪ್ಪಿಗೆ ಹಾಕುತ್ತ ಸಾಲು ದಾಟಿದಳು.

“ತನ್ನ ಪುಡಿ ತನಗ ಬೀಳಬಾರದ್ರವಾ!” ಅಂತ ಹೊಳಬಸಪ್ಪ ಬದುವಿನಿಂದ ಕೂಗಿದ. ಆಮೇಲೆ ಅವಳನ್ನು ಕಂಡು ನಕ್ಕ. “ನಿನಗಲ್ಲವಾ ಶಿವಬಸವ್ವಾ, ನಿನಗೇನ್ ಹೇಳೂದೈತಿ? ಹದಿನೆಂಟು ವರ್ಷದಾಗ ನಿನ್ನ ಕೈಲೆ ಒಂದೂ ಬೀಜ ಕೆಟ್ಟಿಲ್ಲ.”